ಗೋಡೆ ಬಿದ್ದ ಮೇಲೆ ನಿಂತ ಐದಂಕಣ

ಗೋಡೆ ಬಿದ್ದದ್ದು ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ. ಆಧಾರ: ಅಣ್ಣನ ಮನೆಯ ಕ್ಯಾಲೆಂಡರು. ಆ ದಿನದ ಚೌಕದೊಳಗೆ ಅಣ್ಣನ ಹೆಂಡತಿ, ನಮ್ಮ ವೈನಿ, ಪೆನ್ಸಿಲಿನಿಂದ ‘ಗೋಡಿ’ ಎಂದು ಬರೆದಿದ್ದಾರೆ. ಅದು ಮೂರನೆಯ ಸೋಮವಾರವೆಂದು ಅಣ್ಣ ಇಂದಿಗೂ ವಾದಿಸುತ್ತಾನೆ. ಆದರೆ ಅಂದು ನಾವು ಪಂಚಮಿಯ ಉಳಿದ ಉಂಡಿಗಳನ್ನು ತಿನ್ನುತ್ತಿದ್ದೆವು. ನಮ್ಮ ಮನೆಯಲ್ಲಿ ಉಂಡಿ ಅಷ್ಟು ದಿನ ಉಳಿದ ನಿದರ್ಶನವಿಲ್ಲ.

ಚಿತ್ತಾಪುರದಿಂದ ವಾಡಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಹಳೆಯ ಮನೆಗಳನ್ನು ಕೋಣೆಗಳಿಂದಲ್ಲ, ಅಂಕಣಗಳಿಂದ ಎಣಿಸುತ್ತಾರೆ. ಎರಡು ಸಾಲು ಕಂಬಗಳ ನಡುವಿನ ಜಾಗ ಒಂದು ಅಂಕಣ. ನಮ್ಮದು ಐದಂಕಣದ ಒಕ್ಕಲುಮನೆ. ಬಾಗಿಲು ದಾಟಿದೊಡನೆ ಸಿಗುವ ತಗ್ಗಿನ ಅಂಕಣ ಎಮ್ಮೆಯದು. ಅಲ್ಲಿಂದ ಶಹಾಬಾದ ಕಲ್ಲಿನ ಕಟ್ಟೆ ಹತ್ತಿದರೆ ಮನುಷ್ಯರ ಪಡಸಾಲೆ. ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿಗಳು, ಎಲ್ಲಕ್ಕೂ ಮೇಲೆ ಮಾಳಿಗೆ, ಅಂದರೆ ಮಣ್ಣಿನ ಸಮತಟ್ಟು ಚಾವಣಿ. ಬಾಗಿಲ ಚೌಕಟ್ಟಿನಲ್ಲಿ ನಿಜಾಮರ ಕಾಲದ ಫಸಲಿ ಇಸವಿ ಕೆತ್ತಿದೆ. ಕೊನೆಯ ಅಂಕಿ ಸುಣ್ಣದಲ್ಲಿ ಮುಚ್ಚಿಹೋಗಿರುವುದರಿಂದ ಮನೆಯ ವಯಸ್ಸಿನಲ್ಲಿ ಒಂದು ದಶಕದ ಅನುಮಾನ ಉಳಿಯುತ್ತದೆ.

ಸಂಶೋಧನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ನಾನು ಕಂಡ ಹಳೆಯ ಓಕ್ ಮರದ ಒಕ್ಕಲುಮನೆಯಲ್ಲಿಯೂ ಇದೇ ಲೆಕ್ಕವಿತ್ತು: ಅಂಕಣಗಳು, ಮರದ ಗೂಟ ಹೊಡೆದು ಕೂಡಿಸಿದ ತೊಲೆಗಳು, ಒಂದೇ ಸೂರಿನಡಿ ಒಕ್ಕಲಿಗನೂ ದನವೂ. ಮಾಳಿಗೆಯ ಬದಲು ಕಡಿದಾದ ಇಳಿಜಾರು, ಅಷ್ಟೇ. ಅಂಥ ಮನೆಯನ್ನು ಜನ ಟಿಕೆಟ್ ಕೊಂಡು ನೋಡುತ್ತಾರೆಂದು ಅಣ್ಣನಿಗೆ ಹೇಳಿದೆ.

“ಹಂಗಾದ್ರ ನಿಮ್ಮ ವೈನಿಗಿ ಬಾಗಲದಾಗ ಕುಂದ್ರಸು, ಟಿಕೇಟ್ ಹರದು ಕೊಡ್ಲಿ” ಎಂದ.

ಆ ಮಳೆಗಾಲ ಹಿಂದಿನ ಗೋಡೆ ಉಬ್ಬಿತ್ತು. ಮನೆಯನ್ನೇ ಕೆಡವಿ ಸ್ಲ್ಯಾಬ್ ಹಾಕಿಸಲು ಅಣ್ಣ ನಿಶ್ಚಯಿಸಿದ್ದ. ಗುರುವಾರ ವಾಡಿಯಿಂದ ಗುತ್ತೇದಾರ ಬರುವವನಿದ್ದ. ವೈನಿಗೆ ಅದು ಸುತರಾಂ ಬೇಡ. ಹೊಸ ನಕ್ಷೆಯಲ್ಲಿ ಎಮ್ಮೆಯ ಜಾಗ ರಸ್ತೆಯಾಚೆಗಿತ್ತು.

“ಗಬ್ಬದ ಎಮ್ಮಿಗಿ ರಸ್ತೆ ಆಚಿಗಿ ಕಟ್ಟಿ ನಾ ಒಳಗ ಹ್ಯಾಂಗ ಮಲಗ್ಲಿರಿ?”

“ಗೋಡಿ ಮೈಮ್ಯಾಲ ಬಿದ್ರ ಇಬ್ರೂ ಕೂಡೇ ಮಲಗ್ತೀರಿ, ಚಿಂತಿ ಮಾಡಬ್ಯಾಡ.”

“ಬೀಳ್ಲಿ ನೋಡೋಣ. ಮನಿ ಕಂಬದ ಮ್ಯಾಲ ನಿಂತದೋ, ಗೋಡಿ ಮ್ಯಾಲೋ, ಅವತ್ತು ತಿಳೀತದ.”

ಸೋಮವಾರ ಗೋಡೆ ಬಿದ್ದಿತು. ಸುದೈವದಿಂದ ಹಿತ್ತಲಿನ ಕಡೆಗೆ, ಅಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ಕೆಮ್ಮಣ್ಣಿನ ಧೂಳು ಇಳಿದಾಗ ಕಂಡದ್ದು ಇಷ್ಟು: ಕಂಬಗಳು ತಮ್ಮ ಕಲ್ಲುಗಳ ಮೇಲೆ ನೆಟ್ಟಗೆ ನಿಂತಿದ್ದವು, ಮಾಳಿಗೆಯಿಂದ ಒಂದು ಹೆಂಟೆಯೂ ಉದುರಿರಲಿಲ್ಲ. ಪಡಸಾಲೆಗೆ ಹಿಂದೆಂದೂ ಬಾರದ ಬಿಸಿಲು ಬಂದಿತ್ತು. ಎಮ್ಮೆ ಮೆಲುಕು ನಿಲ್ಲಿಸಿ, ಹಿತ್ತಲನ್ನು ಒಮ್ಮೆ ನೋಡಿ, ಮತ್ತೆ ಮೆಲುಕು ಹಾಕಿತು.

ಮುಂದಿನದು ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ. ಸಿಟ್ಟಿನಲ್ಲಿದ್ದ ಅಣ್ಣನನ್ನು ನಾನು ನಡುಗಂಬದ ಬಳಿ ನಿಲ್ಲಿಸಿಕೊಂಡೆ. ಮಾಳಿಗೆಯ ಭಾರ ಜಂತಿಯಿಂದ ತೊಲೆಗೆ, ತೊಲೆಯಿಂದ ಬೋದಿಗೆಯ ಮೂಲಕ ಕಂಬಕ್ಕೆ ಇಳಿಯುವ ಬಗೆಯನ್ನು, ಗೋಡೆ ಬರಿಯ ಹೊದಿಕೆಯೆಂಬುದನ್ನು ಇಂಗ್ಲೆಂಡಿನ ಉದಾಹರಣೆಯೊಡನೆ ವಿವರಿಸಿದೆ. ಅವನು ತಲೆದೂಗಿ ಮನೆ ಕೆಡಹುವ ವಿಚಾರ ಕೈಬಿಟ್ಟ. ಗುತ್ತೇದಾರ ಬಂದು ಗೋಡೆಯೊಂದನ್ನೇ ಕಟ್ಟಿ ಹೋದ. ಎಮ್ಮೆ ತನ್ನ ಅಂಕಣದಲ್ಲಿಯೇ ಈಯಿತು. ವೈನಿ ಓಣಿಗೆಲ್ಲ ಗಿಣ್ಣ ಹಂಚಿದರು. ಈ ವಿವರಣೆಯ ಕಥೆಯನ್ನು ನಾನು ಸೇಡಂ, ಚಿಂಚೋಳಿಗಳ ನೆಂಟರಿಗೆಲ್ಲ ಹೇಳಿದ್ದೇನೆ.

ದೀಪಾವಳಿಗೆ ಶಹಾಬಾದದಲ್ಲಿರುವ ಅಣ್ಣನ ಮಗಳ ಮನೆಗೆ ಹೋದಾಗಲೂ ಹೇಳಲು ಆರಂಭಿಸಿದೆ. ಅವಳು ನಕ್ಕು, “ಕಾಕಾ, ಇದು ಸ್ವಲ್ಪ ಕೇಳ್ರಿ” ಎಂದು ಮೊಬೈಲು ಮುಂದಿಟ್ಟಳು. ಗೋಡೆ ಬೀಳುವಾಗ ವೈನಿ ಮಗಳಿಗೆ ಹೋಳಿಗೆಯ ಹದ ಹೇಳುತ್ತ ಧ್ವನಿಸಂದೇಶ ಕಳಿಸುತ್ತಿದ್ದರಂತೆ. ಬೆಲ್ಲದ ಮಾತಿನ ನಡುವೆ ದೊಡ್ಡ ಸದ್ದು. ಆಮೇಲೆ ಅಣ್ಣನ ದನಿ: “ಅರೆ! ಮಾಳಗಿ ಹಂಗೇ ಅದಲ್ಲ!”

“ಈಗರ ತಿಳೀತೇನ್ರಿ?”

“ತಿಳೀತು, ನೀನೇ ಗೆದ್ದಿ. ಗುತ್ತೇದಾರಗ ಗೋಡಿ ಒಂದೇ ಕಟ್ಟು ಅಂತೀನಿ.”

ವೈನಿಯ ನಗು. ಅದರ ನಂತರ ಓಣಿಯಿಂದ ಓಡಿ ಬರುವ ಚಪ್ಪಲಿಯ ಸದ್ದು, ನನ್ನ ಕಂಠ: “ಏನಾಯ್ತು? ಏನಾಯ್ತು?”

ಎರಡು ಬಾರಿ ಕೇಳಿ ಪರೀಕ್ಷಿಸಿದೆ. ಧ್ವನಿಮುದ್ರಿಕೆಯಲ್ಲಿ ತೀರ್ಮಾನ ಮೊದಲು ಬರುತ್ತದೆ. ನನ್ನ ಚಪ್ಪಲಿ ಆಮೇಲೆ.