ಸೊನ್ನೆಗೆ ಬಂದ ನೀರು

ಆಗ ನಾನು ಕೊಚ್ಚಿ ಹತ್ತಿರದ ಏಲೂರಿನ ಗೊಬ್ಬರದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದೆ. ಚೀಲಕ್ಕೆ ಹೋಗುವ ಗೊಬ್ಬರದಲ್ಲಿ ನೈಟ್ರೇಟ್, ಫಾಸ್ಫೇಟ್ ಸಾಕಷ್ಟಿದೆಯೇ ಎಂದು ನೋಡುವುದು ನನ್ನ ಕೆಲಸ. ಸಂಜೆ ಕೊಚ್ಚಿಯ ಫ್ಲ್ಯಾಟಿಗೆ ಬಂದರೆ ಮೂರಡಿಯ ಉಪ್ಪುನೀರಿನ ಅಕ್ವೇರಿಯಂ ಮುಂದೆ ಕೂತು ಮತ್ತೆ ಅವೆರಡನ್ನೇ ಅಳೆಯುತ್ತಿದ್ದೆ. ಅಲ್ಲಿ ಮಾತ್ರ ಅವು ಹೆಚ್ಚಾಗಬಾರದು. ಹೆಚ್ಚಾದರೆ ಪಾಚಿ ಬೆಳೆದು ಹವಳಗಳನ್ನು ಮುಚ್ಚಿಬಿಡುತ್ತದೆ.

"ಮುಂಜಾನಿಂದ ಅದನ್ನ ತಯಾರ್ ಮಾಡ್ತೀರಿ, ಸಂಜೀಕ ಅದನ್ನ ಓಡಸ್ತೀರಿ. ಎರಡರಾಗ ಒಂದು ಕೆಲಸಾ ಬಿಡ್ರಲಾ," ಎನ್ನುತ್ತಿದ್ದಳು ಹೆಂಡತಿ. ನಾವು ಧಾರವಾಡದವರು. ಅವಳ ಬ್ಯಾಂಕಿನ ವರ್ಗಾವಣೆ ನಮ್ಮನ್ನು ಕೇರಳಕ್ಕೆ ತಂದಿತ್ತು. ಜೊತೆಗೆ ನನ್ನ ಅವ್ವ, ಹತ್ತು ವರ್ಷದ ಮಗಳು.

ಆ ವರ್ಷ ಅಕ್ವೇರಿಯಂ ತೊಟ್ಟಿಯ ಕಲ್ಲುಗಳ ಮೇಲೆ ಹಸಿರು ಪಾಚಿ ಕೂದಲಿನಂತೆ ಬೆಳೆಯಿತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ವಾರಕ್ಕೊಮ್ಮೆ ನೀರು ಬದಲಿಸಿದೆ. ಹೆಚ್ಚಾದ ಆಹಾರ ಕೊಳೆತು ನೈಟ್ರೇಟ್ ಆಗುತ್ತದೆಂದು ಮೀನಿಗೆ ದಿನಕ್ಕೆ ಒಂದೇ ಚಿಟಿಕೆ ಹಾಕುತ್ತಿದ್ದೆ. ಆದರೂ ನೈಟ್ರೇಟ್ ಏರುತ್ತಲೇ ಇತ್ತು. ಕೊನೆಗೆ ನನ್ನ ಅನುಮಾನ ನನ್ನ ಅಂಗಿಯ ಮೇಲೇ ಹೋಯಿತು. ಕಾರ್ಖಾನೆಯ ಗೊಬ್ಬರ ನನ್ನ ತೋಳಿಗೆ ಅಂಟಿಕೊಂಡು ಬಂದು ನೀರು ಸೇರುತ್ತಿದೆಯೇ? ಕೆಲವು ದಿನ ಸ್ನಾನ ಮಾಡಿ, ಬರೀ ಬನಿಯನ್ನಿನಲ್ಲಿ, ಪೂಜೆಗೆ ಕೂರುವವನ ಹಾಗೆ ತೊಟ್ಟಿಯ ಮುಂದೆ ಕೂತೆ.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಅವ್ವ ಕುರ್ಚಿಯನ್ನು ತೊಟ್ಟಿಯ ಹತ್ತಿರ ಎಳೆದುಕೊಂಡು ಚಹಾ ಕುಡಿಯುತ್ತಿದ್ದಳು. ತಾನೊಂದು ಗುಟುಕು ಕುಡಿದರೆ ಮೀನಿಗೊಂದು ಚಿಟಿಕೆ.

"ಅವ್ವಾ! ಎಷ್ಟನೇ ಸಲಾ ಇದು?"

"ಮೂರನೇದು. ನನ್ನ ನೋಡಿದ ಕೂಡಲೇ ಗಾಜಿಗೆ ಬಾಯಿ ಹಚ್ತಾವ, ತಮ್ಮಾ. ಹಸದಾವ. ನಾ ಒಬ್ಬಾಕಿನ ಹೆಂಗ ಕುಡೀಲಿ?"

ಸೋಫಾದಲ್ಲಿದ್ದ ಮಗಳಿಗೆ ಇದು ಮೊದಲೇ ಗೊತ್ತಿತ್ತು. "ಯಾಕ ಹೇಳಲಿಲ್ಲ?" ಎಂದೆ. ಪುಸ್ತಕದಿಂದ ತಲೆ ಎತ್ತದೆ ಮಲಯಾಳದಲ್ಲಿ, "ಅಚ್ಛನ್ ಚೋದಿಚ್ಚಿಲ್ಲಲ್ಲೋ," ಎಂದಳು. ಅಪ್ಪ ಕೇಳಲೇ ಇಲ್ಲವಲ್ಲ ಅಂತೆ.

ಆಹಾರದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮರುದಿನದಿಂದ ಅವ್ವ ಅಡುಗೆಮನೆಯಲ್ಲೇ ಕೂತು ಚಹಾ ಕುಡಿದಳು.

ಅಷ್ಟರಲ್ಲಿ ಹೆಂಡತಿಗೆ ತಿರುವನಂತಪುರಕ್ಕೆ ವರ್ಗವಾಯಿತು. ನನಗೂ ಅಲ್ಲೊಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಹವಳಗಳನ್ನು ಬಕೆಟ್ಟುಗಳಲ್ಲಿಟ್ಟು ಕಾರಿನಲ್ಲಿ ಹೊರಟೆವು. ಮೀನಿನ ಬಕೆಟ್ಟನ್ನು ಅವ್ವ ತನ್ನ ಕಾಲ ಸಂದಿಯಲ್ಲಿ ಹಿಡಿದುಕೊಂಡಿದ್ದಳು. ಪ್ರತಿ ತಿರುವಿನಲ್ಲೂ "ಸಾವಕಾಶ!" ಎನ್ನುತ್ತಿದ್ದಳು. ಮೊಮ್ಮಗಳಿಗೆ ವಾಂತಿಯಾದಾಗಲೂ ಅವಳ ಕೈ ಆ ಬಕೆಟ್ಟನ್ನು ಬಿಡಲಿಲ್ಲ.

ತಿರುವನಂತಪುರದ ಪಟ್ಟಂನಲ್ಲಿದ್ದ ಹೊಸ ಮನೆಯಲ್ಲಿ ನಾನು ಯಾವುದಕ್ಕೂ ಅವಕಾಶ ಕೊಡಲಿಲ್ಲ. ಫಾಸ್ಫೇಟ್ ಹೀರುವ ಕಂದು ಹರಳುಗಳನ್ನು ಫಿಲ್ಟರಿಗೆ ತುಂಬಿದೆ. ಮೀನಿಗೆ ದಿನ ಬಿಟ್ಟು ದಿನ ಊಟ, ಡಬ್ಬಿ ಇಲ್ಲೂ ಕಪಾಟಿನ ಬೀಗದೊಳಗೇ. ತಿಂಗಳೊಳಗೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ನೈಟ್ರೇಟ್ ಇದ್ದರೆ ಬಣ್ಣ ತಿರುಗಬೇಕಿದ್ದ ಪರೀಕ್ಷೆಯ ಸೀಸೆ ತಿಳಿಯಾಗಿಯೇ ಉಳಿಯಿತು; ಅದನ್ನು ಹಿಡಿದು ಮನೆಯೆಲ್ಲ ಓಡಾಡಿದೆ. ಕೂದಲಿನಂಥ ಪಾಚಿ ಪೂರ್ತಿ ಮಾಯವಾಗಿತ್ತು.

ಎರಡು ವಾರಕ್ಕೆ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಕಾಣಿಸಿತು. ಮೂಗಿನಿಂದ ಸುರಿದದ್ದರ ಹಾಗೆ ಎಳೆ ಎಳೆಯಾಗಿ, ನಡುವೆ ಗುಳ್ಳೆಗಳು. ಬೆಳಿಗ್ಗೆ ತೆಗೆದರೆ ಸಂಜೆಗೆ ಮತ್ತೆ ಹಾಜರು. ಪಾಚಿ ತಿನ್ನಲೆಂದು ಬಿಟ್ಟಿದ್ದ ಶಂಖದ ಹುಳುಗಳು ಒಂದೊಂದಾಗಿ ಸತ್ತವು. ಹವಳಗಳು ಬಿಳಿಚಿಕೊಂಡವು. ನಾನು ಊಟ ಇನ್ನೂ ಕಡಿಮೆ ಮಾಡಿದೆ. ಲೋಳೆ ಇನ್ನೂ ಹೆಚ್ಚಿತು.

ಒಂದು ಭಾನುವಾರ ಹತ್ತಿರದ ಮೀನುಗಾರರ ಊರು ವಿಳಿಂಜಂಗೆ ಹೋದೆ. ಅಲ್ಲಿ ಬಂದರಿನ ರಸ್ತೆಯಲ್ಲಿ, ಹಿಂದೆ ದೋಣಿಯಲ್ಲಿ ಮೀನು ಹಿಡಿಯಲು ಹೋಗುತ್ತಿದ್ದವರೊಬ್ಬರು ಅಕ್ವೇರಿಯಂ ಅಂಗಡಿ ಇಟ್ಟಿದ್ದರು. ನನ್ನ ಅಂಕಿಗಳ ವಹಿಯನ್ನು ಹೆಮ್ಮೆಯಿಂದಲೇ ಅವರ ಮುಂದಿಟ್ಟೆ. ಅವರು ಬೆರಳಿನಿಂದ ಸೊನ್ನೆಗಳ ಸಾಲನ್ನು ಸವರಿದರು.

"ಸಾರೇ, ಕಡಲಿಲ್ ಪೋಲುಂ ಸೀರೋ ಇಲ್ಲ," ಎಂದರು. ಕಡಲಿನಲ್ಲೂ ಸೊನ್ನೆ ಇಲ್ಲ! ಆಮೇಲೆ ನನಗೆ ತಿಳಿಯಲೆಂದು ನಿಧಾನವಾಗಿ ವಿವರಿಸಿದರು. ಒಳ್ಳೆಯ ಪಾಚಿಗೂ ಹವಳಕ್ಕೂ ತಿನ್ನಲು ಏನೂ ಉಳಿದಿಲ್ಲ. ಅವು ಸೋತ ಜಾಗದಲ್ಲಿ ಈ ಲೋಳೆ ಬಂದು ಕೂತಿದೆ. ಹರಳು ತೆಗೆಯಿರಿ, ಮೂರು ದಿನ ಕತ್ತಲು ಮಾಡಿ, ಆಮೇಲೆ ಮೀನಿಗೆ ಹೊಟ್ಟೆತುಂಬ ಹಾಕಿ. "ಪಾವಂ, ಪಟ್ಟಿಣಿಯಾಣ್." ಪಾಪ, ಉಪವಾಸ ಬಿದ್ದಿವೆ.

ದಾರಿಯುದ್ದಕ್ಕೂ ಅವ್ವನಿಗೆ ಹೇಗೆ ಹೇಳುವುದೆಂದು ಯೋಚಿಸಿದೆ. ಮನೆಗೆ ಬಂದು ಹರಳುಗಳನ್ನು ತೆಗೆದೆ. ಅವಳ ಕೌದಿಯನ್ನೇ ಕೇಳಿ ತೊಟ್ಟಿಗೆ ಹೊದಿಸಿದೆ. ನಾಲ್ಕನೇ ದಿನ ಕೌದಿ ತೆಗೆದು, ಕಪಾಟಿನ ಬೀಗ ಬಿಚ್ಚಿ, ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ.

"ತಪ್ಪು ನಂದ ಅವ್ವಾ. ಇನ್ನ ನೀನ ಹಾಕು."

ಅವ್ವ ಹಿಗ್ಗಲಿಲ್ಲ, ಹಂಗಿಸಲೂ ಇಲ್ಲ. ಕನ್ನಡಕ ಏರಿಸಿಕೊಂಡು ಕೇಳಿದಳು: "ದಿನಕ್ಕ ಎಷ್ಟು ಸಲಾ? ಎಷ್ಟು ಚಿಟಿಕಿ? ನಿನ್ನ ಚಿಟಿಕಿನೋ, ನನ್ನ ಚಿಟಿಕಿನೋ?"

ದಿನಕ್ಕೆರಡು, ಅವಳ ಚಿಟಿಕೆ ಎಂದು ತೀರ್ಮಾನವಾಯಿತು. ವಾರಕ್ಕೊಮ್ಮೆ ನಾನು ಅಳೆಯುತ್ತಿದ್ದೆ, ಅವಳು ಪಕ್ಕದಲ್ಲಿ ನಿಂತು ಬಣ್ಣ ನೋಡುತ್ತಿದ್ದಳು. ನೈಟ್ರೇಟ್ ನಿಧಾನವಾಗಿ ಐದಕ್ಕೆ ಬಂದು ನಿಂತಿತು. ಲೋಳೆ ಹೋಗಲು ಎರಡು ತಿಂಗಳೇ ಹಿಡಿಯಿತು. ಒಂದು ಹವಳ ಸತ್ತೇಹೋಯಿತು. ಉಳಿದವುಗಳಿಗೆ ಬಣ್ಣ ಮರಳಿತು. ಈಗ ಒಂದು ಕಲ್ಲಿನ ಅಂಚಿನಲ್ಲಿ ಹಸಿರು ಕೂದಲು ಮತ್ತೆ ಚಿಗುರಿದೆ. ಬ್ರಶ್ಶು ಕೈಗೆತ್ತಿಕೊಂಡರೆ ಅವ್ವ ನನ್ನತ್ತ ನೋಡುತ್ತಾಳೆ. ಸುಮ್ಮನೆ ಇಟ್ಟುಬಿಡುತ್ತೇನೆ.

ಮೊನ್ನೆ ಅವಳು ಧಾರವಾಡದ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಹವಳಕ್ಕ ನೈಟ್ರೇಟ್ ಐದು ಇರಬೇಕವ್ವಾ. ಹೆಚ್ಚಾಗಬಾರದು, ಕಡಿಮೀನೂ ಆಗಬಾರದು. ಇವಗ ಹೇಳಿ ಹೇಳಿ ನನಗ ಸಾಕಾತು."