ಮಾವ ನುಂಗಿದ ಒಂದು ಚಪ್ಪಾಳೆ

ನೀವು ಖಂಡಿತ ನಂಬುವುದಿಲ್ಲ. ಹೋದ ನವರಾತ್ರಿಯಲ್ಲಿ ನನ್ನ ಸೋದರಮಾವ ಬರೀ ಹಾರ್ಮೋನಿಯಂ ನುಡಿಸಿ ಅರ್ಧ ಅಹಮದಾಬಾದನ್ನು ನೆಲಕ್ಕೆ ಕೆಡವಿದ. ಸರಿ, ಅರ್ಧ ರೈಲ್ವೆ ಕ್ವಾರ್ಟರ್ಸನ್ನು.

ಲಂಡನ್ನಿನಲ್ಲಿ ಸಂಗೀತ ರಚನೆ ಕಲಿಯುತ್ತಿದ್ದ ಅವನು ಹಡಗಿನಲ್ಲಿ ರಜೆಗೆ ಬಂದಿದ್ದ. "ನನ್ನ ಸಂಗೀತ ಅಲ್ಲೂ ಯಾರಿಗೂ ಬೇಡ, ಇಲ್ಲೂ ಬೇಡ. ವಾಪಸ್ ಹೋಗಲ್ಲ, ಗುಮಾಸ್ತ ಆಗ್ತೀನಿ" ಎಂದು ಮುಖ ಬಾಡಿಸಿಕೊಂಡು ಕೂತಿದ್ದವನನ್ನು ನಾನೇ ಕ್ವಾರ್ಟರ್ಸಿನ ಗರ್ಬಾ ಕುಣಿತದ ಅಂಗಳಕ್ಕೆ ಎಳೆದುಕೊಂಡು ಹೋದೆ.

ಅವನು ತಾನೇ ಕಟ್ಟಿದ ಧಾಟಿ ನುಡಿಸಿದ. ಪ್ರತಿ ಮೂರನೇ ಸಾಲಿನಲ್ಲಿ ಒಂದು ಚಪ್ಪಾಳೆಯಷ್ಟು ತಾಳ ಕಡಿಮೆ! ಚಪ್ಪಾಳೆ ತಟ್ಟುತ್ತ ಸುತ್ತುತ್ತಿದ್ದ ಹೆಂಗಸರು ಗೂಡ್ಸ್ ಗಾಡಿಯ ಡಬ್ಬಿಗಳಂತೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಎಲ್ಲರ ಮೇಲೆ ಸ್ಟೇಷನ್ ಮಾಸ್ಟರರ ಹೆಂಡತಿ.

ಮಾವ ಪೆಟ್ಟಿಗೆ ಮುಚ್ಚಿದ. "ನೋಡಿದ್ಯೇನೋ? ಮುಗೀತು."

"ಫರೀಥಿ ವಗಾಡೋ, ಭಾಯ್!" ಇನ್ನೊಮ್ಮೆ ನುಡಿಸು ಎಂದು ಆಕೆ ಬಿದ್ದಲ್ಲಿಂದಲೇ ಕೂಗಿದರು.

ಮತ್ತೆ ನುಡಿಸಿದ, ಮತ್ತೆ ಬಿದ್ದರು. ಆಮೇಲೊಂದು ಸಲ, ಕಾಣೆಯಾದ ಚಪ್ಪಾಳೆಯ ಜಾಗದಲ್ಲಿ ಇಡೀ ಸುತ್ತು ಒಟ್ಟಿಗೆ ಗಿರ್ರನೆ ತಿರುಗಿತು. ಮಾವ ನಿಲ್ಲಿಸದೆ ನುಡಿಸುತ್ತಲೇ ಇದ್ದ.

ಆಗ ಅಮ್ಮ ಬಂದಳು. ನಿಂತು ನೋಡಿದಳು. ಹಾರ್ಮೋನಿಯಂ ಮೇಲೆ ಕೈಯಿಟ್ಟಳು.

"ಸಾಕು, ಏಳೋ. ಗುಮಾಸ್ತ ಅಂತೆ, ಗುಮಾಸ್ತ! ನಡಿ ಮನೆಗೆ. ಲಂಡನ್ ಹಡಗಿಗೆ ಟ್ರಂಕು ತುಂಬ್ಕೋ."