ಮರಳಿನಲ್ಲಿ ಕೆಡ್ಡಸದ ಪಾಲು

2016ರ ಫೆಬ್ರುವರಿಯ ಎರಡನೇ ಶುಕ್ರವಾರ, ದುಬೈಯಿಂದ ಅಲ್ ಐನ್ ಕಡೆಗೆ ಹೋಗುವ ಹೆದ್ದಾರಿಯಾಚೆಯ ಮರಳಿನಲ್ಲಿ, ನನ್ನ ಹೆಂಡತಿಯ ತಮ್ಮ ಚಂದ್ರಹಾಸ ಬಿಲ್ಲು ಬಾಣದಿಂದ ಒಂದು ಎಲ್ಕ್ ಹೊಡೆದ. ಎಲ್ಕ್ ಎಂದರೆ ಚಳಿದೇಶದ ಭಾರೀ ಜಿಂಕೆ; ಇದು ಫೋಮಿನದು. ಯಾರಿಗೂ ಗಾಯವಾಗಲಿಲ್ಲ.

ನಿಯಮದ ಪ್ರಕಾರ ಇಲ್ಲಿಗೆ ಸುದ್ದಿ ಮುಗಿಯಬೇಕು. ಇಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ಕೂತು, ಬೇರೆಯವರು ಉದ್ದ ಬರೆದದ್ದನ್ನು ಗಿಡ್ಡ ಮಾಡುವುದೇ ನನ್ನ ಕೆಲಸ. ಆದರೆ ಇವತ್ತು ಬೆಳಿಗ್ಗೆ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ತುಂಬ ಅಕ್ಕಿ ಹುರಿಯುವ ವಾಸನೆ ಹಬ್ಬಿತು. ಎದ್ದು ಹೋಗಿ ನೋಡಿದರೆ ವಿಜಯ ಒಲೆಯ ಮುಂದೆ ನಿಂತಿದ್ದಳು. ಅವಳ ತಲೆಯ ಮೇಲಿನ ಹೊಗೆ ಅಲಾರಮ್ಮಿಗೆ ಸ್ನಾನದ ಟೋಪಿ ತೊಡಿಸಿದ್ದಳು. ಕೆಡ್ಡಸ ಬಂತೆಂದು ನಮ್ಮ ಮನೆಯಲ್ಲಿ ಗೊತ್ತಾಗುವುದು ಈ ಟೋಪಿಯಿಂದ.

ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ತುಳುನಾಡಿನಲ್ಲಿ ಫೆಬ್ರುವರಿಯ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ಕಾಯಿತುರಿ ಬೆರೆಸಿ ನನ್ಯರಿ ಮಾಡುತ್ತಾರೆ. ಕೆಲಸವಿಲ್ಲದ ಗಂಡಸರು ಹಿಂದೆ ಗುಂಪು ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರು. ಕಾನೂನು ಬಂದು ಬೇಟೆ ನಿಂತಿತು. ವಿಜಯಳ ತವರಿನಲ್ಲಿ ಬೇಟೆ ನಿಂತರೂ ಪಾಲು ಹಾಕುವುದು ನಿಲ್ಲಲಿಲ್ಲ. ಅಂಗಡಿಯಿಂದ ಕೋಳಿ ತಂದು, ಅದನ್ನೇ ಕಾಡಿನಿಂದ ಹೊತ್ತು ತಂದವರಂತೆ ಅಂಗಳದಲ್ಲಿ ಎಲೆ ಹಾಸಿ ಪಾಲು ಮಾಡುತ್ತಿದ್ದರಂತೆ. ಅದಕ್ಕೊಂದು ಕ್ರಮವಿದೆ. ಪಾಲು ಹಾಕುವವರು ಹಿರಿಯರು. ಹೊಡೆದವನಿಗೆ ಮೊದಲು, ತಲೆಯ ಸಮೇತ. ಆಮೇಲೆ ಉಳಿದವರಿಗೆ, ನಾಯಿಗೂ. ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಬೇಕು. ಕರೆಸಿಕೊಂಡವನು ‘ಓ’ ಎಂದು ಮುಂದೆ ಬಂದು ಎತ್ತಿಕೊಳ್ಳಬೇಕು. ಕರೆಯದೆ ಕೊಟ್ಟದ್ದು ಪಾಲಲ್ಲ. ಹಾಕಿದವರದು ಕೊನೆಯ ಪಾಲು, ಉಳಿದದ್ದೆಷ್ಟೋ ಅಷ್ಟು.

ಈ ಕ್ರಮ ನಮ್ಮ ಕತೆಯಲ್ಲಿ ಎಂಥ ಕೆಲಸ ಮಾಡಬಹುದೆಂದು ಆ ಶುಕ್ರವಾರದ ಬೆಳಿಗ್ಗೆಯವರೆಗೂ ನನಗೆ ಹೊಳೆದಿರಲಿಲ್ಲ. ವಿಜಯಳಿಗೆ ಹೊಳೆದಿತ್ತೇ ಎಂದು ಹಲವು ಸಲ ಕೇಳಿದ್ದೇನೆ. ಕೇಳಿದಾಗೆಲ್ಲ ಅವಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ.

ವಿಜಯಳಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಸದಾನಂದ ಭಾವ ಆಗ ದುಬೈ ಸಿಲಿಕಾನ್ ಓಯಸಿಸ್‌ನಲ್ಲಿದ್ದರು, ಏಸಿ ರಿಪೇರಿಯ ಒಂದು ಕಂಪೆನಿಯಲ್ಲಿ ಸೂಪರ್‌ವೈಸರ್. ತಮ್ಮ ಚಂದ್ರಹಾಸನನ್ನು ವಿಸಿಟ್ ವೀಸಾದಲ್ಲಿ ಕರೆಸಿದವರು ಅವರೇ. ತಮ್ಮ ಫ್ಲ್ಯಾಟಿನ ಹಾಲಿನಲ್ಲಿ ಮಲಗಿಸಿದರು, ಕೆಲಸ ಕಲಿಸಿದರು, ತಮ್ಮದೇ ಕಂಪೆನಿಗೆ ಸೇರಿಸಿದರು. ಸ್ವಲ್ಪ ಸಮಯದ ಮೇಲೆ ಚಂದ್ರನಿಗೆ ರುವೈಸ್‌ನ ರಿಫೈನರಿ ಟೌನಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಅಣ್ಣ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅವನು ಆಫೀಸಿಗೆ ರಾಜೀನಾಮೆ ಕೊಟ್ಟ, ಅಣ್ಣನಿಗೆ ಹೇಳಲಿಲ್ಲ. ಭಾವನಿಗೆ ವಿಷಯ ಗೊತ್ತಾದದ್ದು ಊರಿನವರ ಒಂದು ಮದುವೆ ಔತಣದಲ್ಲಿ, ಯಾರೋ ಬಂದು “ತಮ್ಮ ರುವೈಸಿಗಂತೆ, ಒಳ್ಳೇದಾಯ್ತು” ಎಂದು ಕೈಕುಲುಕಿದಾಗ.

ಎರಡೂ ಕಡೆಯ ಹೇಳಿಕೆ ಪಡೆಯುವುದು ನನ್ನ ಅಭ್ಯಾಸ. ಭಾವ ಹೇಳಿದ್ದು ಒಂದೇ ಮಾತು: “ಹೇಳಿ ಹೋಗ್ಬಹುದಿತ್ತು.” ಚಂದ್ರ ನನ್ನನ್ನೂ ಭಾವ ಎಂದೇ ಕರೆಯುತ್ತಾನೆ; ಅವನು ಹೇಳಿದ್ದೂ ಒಂದೇ: “ಹೇಳಿದ್ರೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲ ಭಾವ. ಅವರ ಮುಖ ನೋಡಿದ್ರೆ ನನ್ನ ಕಾಲು ಏಳ್ತಿರ್ಲಿಲ್ಲ.” ಎರಡೂ ನಿಜವೆಂದೇ ನನಗೆ ತೋರಿತು. ಹಾಗೆ ತೋರಿದ್ದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಎರಡು ವರ್ಷ ಇಬ್ಬರೂ ಮಾತಾಡಲಿಲ್ಲ.

ಆ ಮಾರ್ಚಿನಲ್ಲಿ ಭಾವ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡುವವರಿದ್ದರು. ಟಿಕೆಟ್ ಆಗಿತ್ತು. ವಿಜಯಳಿಗೆ ಅದೊಂದೇ ಚಿಂತೆ. “ಇಲ್ಲಿ ಇರುವಾಗ್ಲೇ ಒಂದು ಸಲ ಮಾತಾಡ್ಲಿ. ಅಣ್ಣ ಒಮ್ಮೆ ಊರು ಸೇರಿದ್ರೆ ಖಲಾಸ್, ಮತ್ತೆ ಇಬ್ರೂ ಹೀಗೇ ಮುದುಕರಾಗ್ತಾರೆ,” ಎಂದು ಪಾತ್ರೆ ತೊಳೆಯುತ್ತ ನಲ್ಲಿಗೆ ಹೇಳುತ್ತಿದ್ದಳು. ಕೇಳಬೇಕಾದವನು ನಾನು.

ದಾರಿ ತೋರಿಸಿದವನು ಲ್ಯಾನ್ಸಿ. ಲ್ಯಾನ್ಸಿ ನಮ್ಮ ಕಟ್ಟಡದಲ್ಲೇ ಇರುವ ಕೊಂಕಣಿ ಗೆಳೆಯ, ಹೋಟೆಲೊಂದರಲ್ಲಿ ಶೆಫ್. ಮನೆಯಲ್ಲಿ ಅಡುಗೆ ಮಾಡದವನು, ನಮ್ಮ ಮನೆಗೆ ಬಂದು ಅಡುಗೆಗೆ ಹೆಸರಿಡುವವನು. ಮರುಭೂಮಿಯಲ್ಲಿ ಬಿಲ್ಲುವಿದ್ಯೆಯ ಒಂದು ಜಾಗ ತೆರೆದಿದೆ, ಫೋಮಿನ ಪ್ರಾಣಿಗಳನ್ನು ನಿಲ್ಲಿಸಿದ್ದಾರೆ, ಬಾಡಿಗೆಗೆ ಬಿಲ್ಲು ಕೊಡುತ್ತಾರೆ ಎಂಬ ವರ್ತಮಾನ ತಂದ. “ನಿಮ್ಮ ಕೆಡ್ಡಸ ಬೇಟೆ ಅಲ್ಲೇ ಮಾಡುವ ಮಾರಾಯ್ರೆ. ಪೊಲೀಸ್ ಇಲ್ಲ, ಫಾರೆಸ್ಟ್‌ನವರಿಲ್ಲ. ಮಾಂಸ ನನ್ನದು.”

ವಿಜಯ ಆ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿ ಕರೆದಳು. “ಚಂದ್ರ ಬರ್ತಾನಾ?” ಎಂದು ಭಾವ ಕೇಳಿದರು. “ಅವನಿಗೆ ಡ್ಯೂಟಿ ಉಂಟಂತೆ,” ಎಂದಳು. ಅದು ಬುಧವಾರ ಅವನು ರಜೆ ಹಾಕುವವರೆಗೆ ನಿಜವಾಗಿತ್ತು.

ಶುಕ್ರವಾರ ನಾವು ತಲುಪುವಾಗ ರುವೈಸ್‌ನಿಂದ ಬೆಳಗಾಗುವ ಮೊದಲೇ ಹೊರಟ ಚಂದ್ರನ ಕಾರು ಅಲ್ಲಿ ನಿಂತಿತ್ತು. ನಮ್ಮ ಕಾರಿನ ಮುಂದಿನ ಸೀಟಿನಲ್ಲಿದ್ದ ಭಾವ ಅದನ್ನು ನೋಡಿದರು, ಕನ್ನಡಿಯಲ್ಲಿ ತಂಗಿಯನ್ನು ನೋಡಿದರು. “ಡ್ಯೂಟಿ ಬೇಗ ಮುಗಿಯಿತಾ?” ಎಂದಷ್ಟೇ ಕೇಳಿ ಇಳಿದರು. ವಿಜಯ ಡಿಕ್ಕಿಯಿಂದ ನನ್ಯರಿಯ ಡಬ್ಬಿ ತೆಗೆಯುವುದರಲ್ಲಿ ಮುಳುಗಿದಳು. ಆ ಡಬ್ಬಿಯನ್ನು ಅಷ್ಟು ಹೊತ್ತು ತೆಗೆಯಬೇಕಾಗಿರಲಿಲ್ಲ.

ಬಿಲ್ಲು ಕಲಿಸುವವನು ಫಿಲಿಪೀನ್ಸಿನ ಯುವಕ, ರೋಡೆಲ್. ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ರೆಕ್ಕೆಯ ಮೂರು ಬಾಣ ಕೊಟ್ಟ: ಭಾವನಿಗೆ ನೀಲಿ, ಚಂದ್ರನಿಗೆ ಹಳದಿ, ನನಗೆ ಗುಲಾಬಿ. ಎದುರಿಗೆ ಮರಳಿನ ದಿಬ್ಬದ ಮೇಲೆ ಹಂದಿ, ಜಿಂಕೆ, ಕರಡಿ. ಎಲ್ಲಕ್ಕಿಂತ ದೂರದಲ್ಲಿ ಕುದುರೆಯಷ್ಟು ಎತ್ತರದ, ಒಣಮರದಂಥ ಕೊಂಬುಗಳ ಒಂದು ಮೃಗ.

“ಅದೆಂತದು?” ಎಂದರು ಭಾವ.

“ದಟ್ಸ್ ಆ್ಯನ್ ಎಲ್ಕ್, ಮಾಮ,” ಎಂದಳು ಆರನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು ಶ್ರಾವ್ಯ.

“ಕಡವೆಯ ದೊಡ್ಡಪ್ಪನ ಹಾಗೆ ಉಂಟು.”

ನನ್ನ ಬೇಟೆಯ ವಿವರ ಹೆಚ್ಚಿಲ್ಲ. ಮೊದಲ ಬಾಣ ನನ್ನ ಕಾಲಬುಡದಲ್ಲೇ ಬಿತ್ತು. ಎರಡನೆಯದು ಹೋಗುವಾಗ ಹೆದೆ ಮುಂಗೈಗೆ ಬಾರಿಸಿ ಬದನೆಕಾಯಿ ಬಣ್ಣದ ಗುರುತು ಬಿಟ್ಟಿತು. ಮೂರನೆಯದನ್ನು ಯಾರೂ ನೋಡಲಿಲ್ಲ. ಅದು ಇನ್ನೂ ಅಲ್ಲೇ ಎಲ್ಲೋ ಇರಬೇಕು. “ನೀವು ಬರೀರಿ ಮಾರಾಯ್ರೆ, ಅದರಲ್ಲಿ ಯಾರೂ ಸಾಯುದಿಲ್ಲ,” ಎಂದು ಲ್ಯಾನ್ಸಿ ನನ್ನ ಬಿಲ್ಲು ಕಿತ್ತುಕೊಂಡ. ಶ್ರಾವ್ಯ ಹಂದಿಯ ಕಿವಿಗೆ ಹೊಡೆದಳು. ವಿಜಯ ಕರಡಿಗೆ ಮೂರನ್ನೂ ನೆಟ್ಟಳು. ಆಗ ಅವಳ ಮುಖ ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಎಲ್ಕಿಗೆ ಹೊಡೆಯಲು ನಿಂತವರು ಅಣ್ಣ ತಮ್ಮ ಇಬ್ಬರೇ. ಇಬ್ಬರ ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ. ಭಾವನ ಎರಡು ಬಾಣ ಮರಳು ಸೇರಿದವು, ಒಂದು ಎಲ್ಕಿನ ಹಿಂಗಾಲಿನ ಮೇಲೆ ನಾಟಿತು. ಚಂದ್ರನ ಎರಡು ಬಾಣವೂ ಮರಳಿಗೇ ಹೋದವು. ಮೂರನೆಯದಕ್ಕೆ ಅವನು ಬಹಳ ಹೊತ್ತು ಗುರಿ ಹಿಡಿದ. ಬಾಣ ಹೆಗಲ ಹಿಂದೆ, ರೋಡೆಲ್ ತೋರಿಸಿಕೊಟ್ಟ ಜಾಗದಲ್ಲೇ, ದಪ್ ಎಂದು ಹೊಕ್ಕಿತು. ಲ್ಯಾನ್ಸಿ ಕೂಗಿ ಕುಣಿದ. ಭಾವ ಬಿಲ್ಲನ್ನು ಸ್ಟ್ಯಾಂಡಿಗೆ ತೂಗುಹಾಕಿದರು.

ರೋಡೆಲ್ ಸೀಟಿ ಊದಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ತಮ್ಮ ತಮ್ಮ ಬಾಣ ಕೀಳಬೇಕು, ಅದು ಅಲ್ಲಿಯ ನಿಯಮ. ಫೋಮಿನ ಹಿಡಿತ ಗಟ್ಟಿ. ಚಂದ್ರ ಹಳದಿ ಬಾಣವನ್ನು ಎಳೆದರೆ ಎಲ್ಕೇ ಅಲುಗಾಡಿ ಮೈಮೇಲೆ ಬರುತ್ತಿತ್ತು. ಭಾವ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಂದು ಎರಡೂ ಕೈಯಲ್ಲಿ ಅದರ ಕೊಂಬು ಹಿಡಿದು, ಮೊಣಕಾಲನ್ನು ಅದರ ಎದೆಗೆ ಒತ್ತಿ ನಿಂತರು. ಚಂದ್ರ ಎಳೆದ. ಬಾಣ ಬಂತು. ನಾನು ಹತ್ತಿರವೇ ನನ್ನ ಗುಲಾಬಿ ಬಾಣ ಹುಡುಕುತ್ತಿದ್ದೆ. ಇಬ್ಬರೂ ತಮ್ಮ ತಮ್ಮ ಬಾಣ ಹಿಡಿದು ಬೇರೆಬೇರೆ ದಾರಿಯಲ್ಲಿ ಹಿಂತಿರುಗಿದರು.

ನೆರಳಿಗೆ ಕಟ್ಟಿದ ಬಟ್ಟೆಯ ಕೆಳಗೆ ಲ್ಯಾನ್ಸಿ ಪಾತ್ರೆಗಳನ್ನು ಬಿಚ್ಚಿದ. ಮಟನ್ ಸುಕ್ಕ, ಅಕ್ಕಿ ಕಡುಬಿನಂಥ ಪುಂಡಿ, ನುಗ್ಗೆ ಬದನೆ ಪದಾರ್ಥ. ನಾವು ತಟ್ಟೆ ಹಿಡಿದು ಮುನ್ನುಗ್ಗುವಾಗ ಸೌಟು ಅಡ್ಡ ಹಿಡಿದ.

“ನಿಲ್ಲಿ, ನಿಲ್ಲಿ. ಬೇಟೆ ಅಂದ್ರೆ ಪಾಲು ಹಾಕ್ಬೇಕಂತೆ ಅಲ್ವಾ? ವಿಜಯಕ್ಕ ಹೇಳಿದ್ದು. ಸದಾನಂದಣ್ಣ, ಸೌಟು ತಕೊಳ್ಳಿ. ನೀವು ಹಿರಿಯರು.”

ಭಾವ ಸೌಟು ತೆಗೆದುಕೊಂಡರು. ಅಭ್ಯಾಸದ ಕೈ. ಫಾಯಿಲ್ ಡಬ್ಬಿಗಳನ್ನು ಸಾಲಾಗಿ ಇಟ್ಟು, ಎಲುಬು ಮಾಂಸ ಎಲ್ಲದಕ್ಕೂ ಬರುವಂತೆ ಹಂಚುತ್ತ ಹೋದರು. ರೋಡೆಲ್‌ಗೊಂದು. ನಾಯಿಯ ಪಾಲು ಅಲ್ಲೇ ಸುತ್ತುತ್ತಿದ್ದ ಬೆಕ್ಕಿಗೆ. ಹಂಚಿ ಮುಗಿದ ಮೇಲೆ ಸೊಂಟ ನೇರ ಮಾಡಿ ನಿಂತವರಿಗೆ, ಮೊದಲು ಯಾರ ಹೆಸರು ಕೂಗಬೇಕೆಂಬುದು ಆಗ ನೆನಪಾಯಿತೆಂದು ಕಾಣುತ್ತದೆ. ಚಂದ್ರನ ಸರದಿ ಕೊನೆಗೆ ಬರುವಂತಿದ್ದರೆ ಹೇಗೋ ದಾಟಿಸಬಹುದಿತ್ತು. ಹೊಡೆದವನದು ಮೊದಲ ಪಾಲು.

ಚಂದ್ರ ಅಲ್ಲಿರಲಿಲ್ಲ. ಕಾರಿನ ಹತ್ತಿರ ಹೋಗಿ ಬಾಗಿಲು ತೆರೆದು ನಿಂತಿದ್ದ, ನೀರು ಕುಡಿಯುವ ನೆಪ.

ಭಾವ ಒಂದು ಡಬ್ಬಿಯನ್ನು ಮುಂದೆ ತಳ್ಳಿದರು. “ಇದು ಅವನದ್ದು,” ಎಂದರು.

“ಹಾಗಲ್ಲ ಅಣ್ಣ,” ಎಂದಳು ವಿಜಯ. “ಕರೀಬೇಕು.”

“ನೀನೇ ಕೊಡು.”

“ನಾನು ಕೊಟ್ರೆ ಊಟ ಆಗ್ತದೆ. ಪಾಲು ಆಗುದಿಲ್ಲ.”

ಸುಕ್ಕ ತಣಿಯುತ್ತಿತ್ತು. ಭಾವ ಸೌಟನ್ನು ಪಾತ್ರೆಯ ಬಾಯಿಗೆ ಒಂದೆರಡು ಸಲ ತಟ್ಟಿದರು. ಹೆದ್ದಾರಿಯ ಕಡೆ ನೋಡಿದರು. ಆಮೇಲೆ ಅಂಗಳದಿಂದ ಗದ್ದೆಯ ಆಚೆ ಕರೆಯುವವರ ಹಾಗೆ, ಅಷ್ಟು ಹತ್ತಿರದಲ್ಲಿದ್ದವನಿಗೆ ಬೇಕಿಲ್ಲದಷ್ಟು ಗಟ್ಟಿಯಾಗಿ ಕೂಗಿದರು.

“ಓ ಚಂದ್ರಾ!”

ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಉತ್ತರ ಬರಲು ತಡವಾಯಿತು, ಬಂದಾಗ ಸಣ್ಣದಾಗಿತ್ತು.

“ಓ.”

ಚಂದ್ರ ಬಂದು ಎದುರಿಗೆ ನಿಂತ, ಎರಡೂ ಕೈ ಚಾಚಿ. ಭಾವ ಡಬ್ಬಿ ಇಟ್ಟರು. ಇನ್ನೇನು ಮುಗಿಯಿತು ಎನ್ನುವಾಗ ಶ್ರಾವ್ಯ ಕೇಳಿದಳು: “ಅಮ್ಮಾ, ವಾಟ್ ಅಬೌಟ್ ದ ಹೆಡ್?”

“ಅದೂ ಉಂಟು!” ಎಂದ ಲ್ಯಾನ್ಸಿ. ಕೂಲರಿನ ಪಕ್ಕದಿಂದ ಫಾಯಿಲ್ ಸುತ್ತಿದ ಒಂದು ಗುಂಡನೆಯದನ್ನು ಎರಡು ಕೈಯಲ್ಲಿ ತಂದು ಬಿಚ್ಚಿದ. ಮಸಾಲೆ ಸವರಿ ಇಡಿಯಾಗಿ ಸುಟ್ಟ ಹೂಕೋಸು. “ಎಲ್ಕಿನ ತಲೆ ದುಬೈಯಲ್ಲಿ ಎಲ್ಲಿ ಸಿಗ್ತದೆ? ಮಾಫಿ, ಇಲ್ವೇ ಇಲ್ಲ. ಇದಕ್ಕೂ ಕೊಂಬು ಬಿಟ್ರೆ ಎಲ್ಲ ಉಂಟು.”

ಚಂದ್ರ ಹೂಕೋಸನ್ನು ಹಿಡಿದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತ. ಮೊದಲು ನಕ್ಕವರು ಭಾವ. ನಗು ಮೂಗಿನಲ್ಲಿ ಶುರುವಾಯಿತು, ತಡೆಯಲು ನೋಡಿದರು, ಆಗಲಿಲ್ಲ. “ಎರಡು ವರ್ಷಕ್ಕೆ ಬಂದವನಿಗೆ ಹೂಕೋಸು,” ಎಂದು ಕಣ್ಣೊರೆಸಿಕೊಂಡರು. ಉಳಿದ ಹೆಸರುಗಳನ್ನು ಆ ನಗುವಿನ ನಡುವೆಯೇ ಕೂಗಿದರು. ನನ್ನ ಹೆಸರು ಬಂದಾಗ ನಾನು “ಯೆಸ್” ಎಂದೆ. ವಿಜಯ ಮೊಣಕೈಯಿಂದ ತಿವಿದಳು.

ಎಲ್ಲರದೂ ಮುಗಿದ ಮೇಲೆ ಭಾವನ ಡಬ್ಬಿಯಲ್ಲಿ ಉಳಿದದ್ದು ಎರಡು ಎಲುಬು ಮತ್ತು ತಳದ ಮಸಾಲೆ. ಚಂದ್ರ ಹೂಕೋಸನ್ನು ಅರ್ಧ ಮುರಿದು ಅದರಲ್ಲಿಟ್ಟ.

“ಹೇಳಿ ಹೋಗ್ಬೇಕಿತ್ತು ಅಣ್ಣ,” ಎಂದ.

“ಖಾರ ಕಮ್ಮಿ ಆಯ್ತು ಇದಕ್ಕೆ,” ಎಂದರು ಭಾವ, ಹೂಕೋಸು ಅಗಿಯುತ್ತ. ಒಂದು ಎಲುಬು ಚೀಪಿ ಪಕ್ಕಕ್ಕಿಟ್ಟು, “ರುವೈಸ್‌ನಲ್ಲಿ ಊಟಕ್ಕೆ ಎಂತ ಮಾಡ್ತಿ?” ಎಂದು ಕೇಳಿದರು. ಚಂದ್ರ ಹೇಳತೊಡಗಿದ. ಬಹಳ ಹೇಳುವುದಿತ್ತು. ನಾವು ಹೊರಡುವಾಗ ಭಾವ ನಮ್ಮ ಕಾರು ಹತ್ತಲಿಲ್ಲ. ಚಂದ್ರನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಳ್ಳುತ್ತಿದ್ದರು. ಅವರ ಮನೆ ಅವನು ಹೋಗುವ ದಾರಿಯಲ್ಲಿ ಬರುವುದಿಲ್ಲ.

ಮಾರ್ಚಿನಲ್ಲಿ ಚಂದ್ರ ರಜೆ ಹಾಕಿ ಬಂದು ಅಣ್ಣನ ಪೆಟ್ಟಿಗೆಗಳಿಗೆ ಹಗ್ಗ ಕಟ್ಟಿದ. ಏರ್‌ಪೋರ್ಟಿಗೂ ಅವನೇ ಬಿಟ್ಟುಬಂದ. ಮರುವರ್ಷದ ಕೆಡ್ಡಸಕ್ಕೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಊರಿನಿಂದ ಒಂದು ಧ್ವನಿ ಸಂದೇಶ ಬಂತು, ಭಾವನದು. ಹಿಂದಿನ ವರ್ಷದ ಕ್ರಮದಲ್ಲೇ ಒಬ್ಬೊಬ್ಬರ ಹೆಸರು ಕೂಗಿದ್ದರು. ಅಂದಿನಿಂದ ಅದು ಪ್ರತಿವರ್ಷವೂ ನಡೆದಿದೆ. ಆ ಸಂದೇಶಕ್ಕೆ ನಾನು ಹಿಂದಿನ ಎರಡು ಸಲವೂ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗಿದ್ದೆ.

ಈಗ 2019. ಇವತ್ತು ಬೆಳಿಗ್ಗೆ ವಿಜಯ ಅಕ್ಕಿ ಹುರಿದು ಇಳಿಸಿ, ಅಲಾರಮ್ಮಿನ ಟೋಪಿ ತೆಗೆಯುತ್ತಿರುವಾಗ ಫೋನ್ ಸದ್ದು ಮಾಡಿತು. ಊರಿನ ಕೋಳಿ ಕೂಗು ಹಿಂದೆ ಕೇಳಿಸುತ್ತಿತ್ತು. ಭಾವ ಕೂಗಿದರು: “ಓ ಚಂದ್ರಾ!”

ರುವೈಸ್‌ನಿಂದ ಉತ್ತರ ಕೂಡಲೇ ಬಂತು: “ಓ. ತಲೆ ಎಲ್ಲಿ ಅಣ್ಣ?”

ಭಾವ ಒಂದು ಹೂಕೋಸಿನ ಫೋಟೊ ಕಳಿಸಿದರು. ಆಮೇಲೆ ನನ್ನ ಹೆಸರು ಕೂಗಿದರು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು “ಓ” ಎಂದೆ.